ಉದಾಂತ ಸಿಂಗ್

ಉದಾಂತ ಸಿಂಗ್ ಕುಮಾಮ್ (ಜನನ: 14 ಜೂನ್ 1996) ಭಾರತದ ವೃತ್ತಿಪರ ಫುಟ್‌ಬಾಲ್ ಆಟಗಾರರು. ಮಣಿಪುರ ರಾಜ್ಯದ ಇವರು ಮೈದಾನದ ಬಲ ಅಂಚಿನಲ್ಲಿ ವಿಂಗರ್ ಆಗಿ ಆಡುತ್ತಾರೆ. 2014ರಿಂದ 2023ರವರೆಗೆ ಬೆಂಗಳೂರು ಎಫ್‌ಸಿ ತಂಡದಲ್ಲಿದ್ದು, ಆ ಅವಧಿಯಲ್ಲಿ ತಂಡ ಗೆದ್ದ ಐ-ಲೀಗ್, ಫೆಡರೇಶನ್ ಕಪ್, ಸೂಪರ್ ಕಪ್, ಇಂಡಿಯನ್ ಸೂಪರ್ ಲೀಗ್ ಮತ್ತು ಡ್ಯುರಾಂಡ್ ಕಪ್ ಪ್ರಶಸ್ತಿಗಳಲ್ಲಿ ಪಾಲುದಾರರಾದರು. 2023ರಲ್ಲಿ ಎಫ್‌ಸಿ ಗೋವಾ ತಂಡವನ್ನು ಸೇರಿದರು. ಭಾರತದ ರಾಷ್ಟ್ರೀಯ ತಂಡದ ಪರವಾಗಿ 2016ರಲ್ಲಿ ಮೊದಲ ಬಾರಿಗೆ ಆಡಿದ ಇವರು 2019ರ ಏಷ್ಯನ್ ಕಪ್ ಪಂದ್ಯಾವಳಿಯಲ್ಲಿ ಭಾಗವಹಿಸಿದ್ದಾರೆ. ವೇಗವೇ ಇವರ ಆಟದ ಮುಖ್ಯ ಬಲವೆಂದು ಪರಿಗಣಿತವಾಗಿದೆ.

ವಿಂಗರ್ ಎಂಬ ಸ್ಥಾನ

ಅಂತಾರಾಷ್ಟ್ರೀಯ ಫುಟ್‌ಬಾಲ್ ಪಂದ್ಯಗಳ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ ಹಾಗೂ 68 ಮೀಟರ್ ಅಗಲವಿರುತ್ತದೆ. ಈ ಅಗಲವನ್ನು ತನ್ನ ತಂಡದ ಅನುಕೂಲಕ್ಕೆ ಬಳಸಿಕೊಳ್ಳುವುದು ವಿಂಗರ್‌ನ ಕೆಲಸ. ಆತ ಪಕ್ಕದ ಗೆರೆಗೆ ಸಮೀಪದಲ್ಲಿ ನಿಲ್ಲುವುದರಿಂದ ಎದುರಾಳಿಯ ರಕ್ಷಣಾ ಆಟಗಾರರು ಒಬ್ಬರಿಂದೊಬ್ಬರು ದೂರ ಸರಿಯಬೇಕಾಗುತ್ತದೆ. ಆಗ ನಡುವೆ ಉಂಟಾಗುವ ತೆರವಿನಲ್ಲಿ ಮುಂಪಡೆಯ ಆಟಗಾರರು ನುಗ್ಗುತ್ತಾರೆ. ಚೆಂಡು ಕಾಲಿಗೆ ಬಂದ ಕ್ಷಣದಲ್ಲಿ ವಿಂಗರ್ ತನ್ನೆದುರು ನಿಂತವನನ್ನು ದಾಟಿ ಗೋಲುಗೆರೆಯವರೆಗೆ ಓಡಬೇಕು, ಇಲ್ಲವೇ ಒಳಮುಖವಾಗಿ ತಿರುಗಿ ಗೋಲಿನತ್ತ ಹೊಡೆಯಬೇಕು. ಅಂಚಿನಿಂದ ಗೋಲಿನ ಮುಂಭಾಗಕ್ಕೆ ಚೆಂಡನ್ನು ಕಳುಹಿಸುವ ಕ್ರಮವನ್ನು ಕ್ರಾಸ್ ಎನ್ನುತ್ತಾರೆ.

ಈ ಸ್ಥಾನದಲ್ಲಿ ಆಡುವವರ ಶ್ರಮ ಅಂಕಪಟ್ಟಿಯಲ್ಲಿ ಪೂರ್ಣವಾಗಿ ಕಾಣುವುದಿಲ್ಲ. ಗೋಲು ಬಾರಿಸಿದವನ ಹೆಸರು ಉಳಿಯುತ್ತದೆ. ಚೆಂಡನ್ನು ಆತನವರೆಗೆ ತಂದವನ ಹೆಸರು ಬೇಗ ಮರೆಯಾಗುತ್ತದೆ. ಜೊತೆಗೆ ಇದು ವೇಗವನ್ನು ಬಹುವಾಗಿ ಅವಲಂಬಿಸಿದ ಸ್ಥಾನ. ವಯಸ್ಸು, ಗಾಯ ಅಥವಾ ತರಬೇತುದಾರರ ವ್ಯೂಹದ ಬದಲಾವಣೆಯಿಂದ ವಿಂಗರ್‌ನ ಸ್ಥಾನಕ್ಕೆ ಇತರರಿಗಿಂತ ಮೊದಲು ಕುತ್ತು ಬರುವುದುಂಟು. ಉದಾಂತ ಸಿಂಗ್ ಅವರ ವೃತ್ತಿಜೀವನದ ಏರಿಳಿತಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ.

ಆರಂಭಿಕ ಜೀವನ ಮತ್ತು ತರಬೇತಿ

ಈಶಾನ್ಯ ಭಾರತದ ಮಣಿಪುರ ಸಣ್ಣ ರಾಜ್ಯವಾದರೂ ದೇಶದ ಫುಟ್‌ಬಾಲ್‌ಗೆ ಹೆಚ್ಚಿನ ಸಂಖ್ಯೆಯಲ್ಲಿ ಆಟಗಾರರನ್ನು ನೀಡಿದೆ. ಉದಾಂತರು ಅಲ್ಲಿ ಆಟವನ್ನು ಆರಂಭಿಸಿ, ಬಳಿಕ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ತರಬೇತಿ ಪಡೆದರು. 1987ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಹದಿಹರೆಯದ ಹುಡುಗರನ್ನು ವಸತಿ, ಶಾಲಾ ಶಿಕ್ಷಣ ಮತ್ತು ಆಟದ ಅಭ್ಯಾಸಗಳೊಂದಿಗೆ ಬೆಳೆಸುವ ಭಾರತದ ಹಳೆಯ ಅಕಾಡೆಮಿಗಳಲ್ಲಿ ಒಂದು. ಅಲ್ಲಿನ ತರಬೇತಿಯ ನಂತರ 2014ರಲ್ಲಿ, ತಮ್ಮ ಹದಿನೆಂಟನೆಯ ವಯಸ್ಸಿನಲ್ಲಿ, ಬೆಂಗಳೂರು ಎಫ್‌ಸಿ ತಂಡದೊಂದಿಗೆ ಒಪ್ಪಂದ ಮಾಡಿಕೊಂಡರು.

ಬೆಂಗಳೂರಿನ ಫುಟ್‌ಬಾಲ್ ಹಿನ್ನೆಲೆ

ಉದಾಂತರು ಬಂದು ಸೇರಿದ ನಗರಕ್ಕೆ ಫುಟ್‌ಬಾಲ್ ಹೊಸದಾಗಿರಲಿಲ್ಲ. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು 1946, 1952, 1967 ಮತ್ತು 1968ರಲ್ಲಿ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1–2ರಿಂದ ಸೋತ ಪಂದ್ಯದಲ್ಲಿ ಭಾರತದ ಏಕೈಕ ಗೋಲನ್ನು ಬಾರಿಸಿದವರು ಬೆಂಗಳೂರಿನ ಎಸ್. ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮತ್ತು ಕೆ. ಪಿ. ಧನರಾಜ್ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದಲ್ಲಿ ‘ಪಂಚಪಾಂಡವ’ರೆಂದು ಹೆಸರಾದ ಐವರು ಮುಂಪಡೆ ಆಟಗಾರರ ಪೈಕಿ ಇಬ್ಬರು.

ಆ ಕಾಲದಲ್ಲಿ ಬೆಂಗಳೂರಿನ ಪ್ರತಿಭಾವಂತರು ಹೆಸರು ಮಾಡಲು ಕೋಲ್ಕತ್ತಕ್ಕೆ ಹೋಗಬೇಕಾಗಿತ್ತು. 2013ರಲ್ಲಿ ಜೆಎಸ್‌ಡಬ್ಲ್ಯೂ ಸಮೂಹ ಬೆಂಗಳೂರು ಎಫ್‌ಸಿಯನ್ನು ಸ್ಥಾಪಿಸಿದ ಮೇಲೆ ಈ ಹಾದಿ ತಿರುಗಿತು. ಹೊರ ರಾಜ್ಯಗಳ ಯುವಕರು ಬೆಂಗಳೂರಿಗೆ ಬರತೊಡಗಿದರು. ತಂಡ ತನ್ನ ಮೊದಲ ಋತುವಿನಲ್ಲಿಯೇ, ಅಂದರೆ 2013–14ರಲ್ಲಿ, ಐ-ಲೀಗ್ ಗೆದ್ದಿತು. ಆರಂಭದಲ್ಲಿ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ಅದರ ತವರಾಗಿತ್ತು. ಮರು ಋತುವಿನಲ್ಲಿ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಸ್ಥಳಾಂತರಗೊಂಡಿತು. ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಹಾಡುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿಗಳ ಕೂಟ ತಂಡದ ಗುರುತಾಯಿತು. 2016ರ ಏಪ್ರಿಲ್ ಕೊನೆಯಲ್ಲಿ ಮೆಟ್ರೊ ನೇರಳೆ ಮಾರ್ಗದ ಸುರಂಗ ಭಾಗ ತೆರೆದ ಬಳಿಕ ವಿಜಯನಗರ ಮತ್ತು ಮೈಸೂರು ರಸ್ತೆಯ ಕಡೆಯ ಪ್ರೇಕ್ಷಕರಿಗೂ ರಾತ್ರಿ ಪಂದ್ಯಗಳಿಗೆ ಹೋಗಿಬರುವುದು ಸುಲಭವಾಯಿತು.

ಬೆಂಗಳೂರು ಎಫ್‌ಸಿ

ಐ-ಲೀಗ್ ವರ್ಷಗಳು (2014–2017)

ಉದಾಂತರು ಸೇರಿದಾಗ ತಂಡದ ತರಬೇತುದಾರರಾಗಿದ್ದವರು ಇಂಗ್ಲೆಂಡಿನ ಆ್ಯಶ್ಲೆ ವೆಸ್ಟ್‌ವುಡ್. ನಾಯಕ ಸುನಿಲ್ ಚೆಟ್ರಿ ಅವರಂತಹ ಅನುಭವಿಗಳಿದ್ದ ತಂಡದಲ್ಲಿ ಹದಿಹರೆಯದ ಆಟಗಾರನಿಗೆ ನಿತ್ಯದ ಸ್ಥಾನ ಸುಲಭವಾಗಿರಲಿಲ್ಲ. ಆ ಋತುವಿನಲ್ಲಿ ತಂಡ ಫೆಡರೇಶನ್ ಕಪ್ ಗೆದ್ದಿತು. 2015ರ ಜನವರಿ 11ರಂದು ಮಡಗಾಂವ್‌ನಲ್ಲಿ ನಡೆದ ಫೈನಲ್‌ನಲ್ಲಿ ಡೆಂಪೊ ತಂಡವನ್ನು 2–1ರಿಂದ ಸೋಲಿಸಿತು. ಆದರೆ ಐ-ಲೀಗ್ ಕೈತಪ್ಪಿತು. 2015ರ ಮೇ 31ರಂದು ಕಂಠೀರವದಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಮೋಹನ್ ಬಾಗನ್ ವಿರುದ್ಧ ಗೆಲ್ಲಲೇಬೇಕಿದ್ದ ಬೆಂಗಳೂರು ಮುನ್ನಡೆಯಲ್ಲಿತ್ತು. ಮುಕ್ತಾಯಕ್ಕೆ ಕೆಲವೇ ನಿಮಿಷಗಳಿರುವಾಗ ಬೆಲ್ಲೊ ರಜಾಕ್ ತಲೆಯಿಂದ ಬಾರಿಸಿದ ಗೋಲು ಪಂದ್ಯವನ್ನು 1–1ರ ಡ್ರಾಗೆ ತಂದು, ಪ್ರಶಸ್ತಿಯನ್ನು ಕೋಲ್ಕತ್ತಕ್ಕೆ ಒಯ್ದಿತು.

2015–16ರಲ್ಲಿ ಬೆಂಗಳೂರು ಐ-ಲೀಗ್ ಪ್ರಶಸ್ತಿಯನ್ನು ಮರಳಿ ಪಡೆಯಿತು. ಆ ವರ್ಷ ವೆಸ್ಟ್‌ವುಡ್ ಅವರ ನಂತರ ಸ್ಪೇನಿನ ಆಲ್ಬರ್ಟ್ ರೋಕಾ ತರಬೇತುದಾರರಾಗಿ ಬಂದರು. ಅವರ ಮಾರ್ಗದರ್ಶನದಲ್ಲಿ ತಂಡ ಎಎಫ್‌ಸಿ ಕಪ್‌ನ ಸೆಮಿಫೈನಲ್‌ನಲ್ಲಿ ಹಾಲಿ ಚಾಂಪಿಯನ್ ಆಗಿದ್ದ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡವನ್ನು ಎದುರಿಸಿತು. ಮಲೇಷ್ಯಾದಲ್ಲಿ 1–1ರ ಡ್ರಾ ಸಾಧಿಸಿ, ಅಕ್ಟೋಬರ್ 19ರಂದು ಕಂಠೀರವದಲ್ಲಿ 3–1ರಿಂದ ಗೆದ್ದು ಫೈನಲ್ ತಲುಪಿತು. ಆ ಪಂದ್ಯಾವಳಿಯ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಅದು. ನವೆಂಬರ್ 5ರಂದು ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ವಾಯುಪಡೆಯ ತಂಡ ಏಕೈಕ ಗೋಲಿನಿಂದ ಗೆದ್ದಿತು. ಅದೇ ವರ್ಷ ಉದಾಂತರು ಎರವಲು ಆಟಗಾರರಾಗಿ ಮುಂಬೈ ಸಿಟಿ ಎಫ್‌ಸಿ ತಂಡದೊಂದಿಗೆ ಇಂಡಿಯನ್ ಸೂಪರ್ ಲೀಗ್‌ನಲ್ಲಿದ್ದರು. ಆಗ ಐ-ಲೀಗ್ ಮತ್ತು ಸೂಪರ್ ಲೀಗ್ ಬೇರೆ ಬೇರೆ ತಿಂಗಳುಗಳಲ್ಲಿ ನಡೆಯುತ್ತಿದ್ದುದರಿಂದ ಇಂತಹ ವ್ಯವಸ್ಥೆ ಸಾಧ್ಯವಿತ್ತು.

2017ರ ಮೇ 21ರಂದು ಕಟಕ್‌ನ ಬಾರಾಬತಿ ಕ್ರೀಡಾಂಗಣದಲ್ಲಿ ಬೆಂಗಳೂರು ತಂಡ ಹೆಚ್ಚುವರಿ ಸಮಯದಲ್ಲಿ ಮೋಹನ್ ಬಾಗನ್ ತಂಡವನ್ನು 2–0ಯಿಂದ ಮಣಿಸಿ ಎರಡನೆಯ ಬಾರಿ ಫೆಡರೇಶನ್ ಕಪ್ ಗೆದ್ದಿತು.

ಸೂಪರ್ ಲೀಗ್‌ನ ಏರುಗಾಲ (2017–2019)

2017–18ರಲ್ಲಿ ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್‌ಗೆ ಸೇರ್ಪಡೆಯಾಯಿತು. ಮೊದಲ ವರ್ಷವೇ 40 ಅಂಕಗಳೊಂದಿಗೆ ಲೀಗ್ ಹಂತದ ಅಗ್ರಸ್ಥಾನ ಪಡೆಯಿತು. ವೆನೆಜುವೆಲಾದ ಮಿಕು ನಡುವಿನಲ್ಲಿ, ಚೆಟ್ರಿ ಒಂದು ಪಕ್ಕದಲ್ಲಿ, ಉದಾಂತ ಮತ್ತೊಂದು ಪಕ್ಕದಲ್ಲಿ ಆಡುತ್ತಿದ್ದ ಮುಂಪಡೆ ಈ ಯಶಸ್ಸಿಗೆ ಕಾರಣವಾಯಿತು. ಎದುರಾಳಿಯ ರಕ್ಷಣೆ ಮಿಕು ಮತ್ತು ಚೆಟ್ರಿ ಅವರ ಮೇಲೆ ಗಮನವಿಟ್ಟಾಗ ಬಲ ಅಂಚು ತೆರೆದುಕೊಳ್ಳುತ್ತಿತ್ತು. ಅಲ್ಲಿ ಉದಾಂತರ ಓಟಕ್ಕೆ ಜಾಗ ಸಿಗುತ್ತಿತ್ತು.

2018ರ ಮಾರ್ಚ್ 17ರಂದು ಕಂಠೀರವದಲ್ಲಿಯೇ ನಡೆದ ಫೈನಲ್ ಇದಕ್ಕೆ ಉತ್ತಮ ನಿದರ್ಶನ. ಒಂಬತ್ತನೆಯ ನಿಮಿಷದಲ್ಲಿ ಉದಾಂತರು ಬಲ ಅಂಚಿನಲ್ಲಿ ಓಡಿ ಕ್ರಾಸ್ ನೀಡಿದರು. ಚೆಟ್ರಿ ಮುಂದಕ್ಕೆ ಹಾರಿ ತಲೆಯಿಂದ ಚೆಂಡನ್ನು ಗೋಲಿಗೆ ಸೇರಿಸಿದರು. ತವರಿನ ಪ್ರೇಕ್ಷಕರ ಹರ್ಷ ಹೆಚ್ಚು ಹೊತ್ತು ಉಳಿಯಲಿಲ್ಲ. ಚೆನ್ನೈಯಿನ್ ಎಫ್‌ಸಿಯ ಮೈಲ್ಸನ್ ಆಲ್ವೆಸ್ ಮೂಲೆಯೊದೆತಗಳಿಂದ ಬಂದ ಚೆಂಡುಗಳನ್ನು ತಲೆಯಿಂದ ಹೊಡೆದು ಎರಡು ಗೋಲು ಗಳಿಸಿದರು. ರಾಫೆಲ್ ಆಗಸ್ಟೊ ಮೂರನೆಯದನ್ನು ಸೇರಿಸಿದರು. ಕೊನೆಯಲ್ಲಿ ಮಿಕು ಒಂದು ಗೋಲು ಬಾರಿಸಿದರೂ ಬೆಂಗಳೂರು 2–3ರಿಂದ ಸೋತಿತು. ಒಂದು ತಿಂಗಳ ಬಳಿಕ, ಏಪ್ರಿಲ್ 20ರಂದು ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ 4–1ರಿಂದ ಗೆದ್ದು ಮೊದಲ ಸೂಪರ್ ಕಪ್ ಪಡೆದದ್ದು ತಂಡಕ್ಕೆ ಸಮಾಧಾನ ತಂದಿತು.

2018–19ರ ಋತುವಿನಲ್ಲಿ ರೋಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವದ್ರಾತ್ ಮುಖ್ಯ ತರಬೇತುದಾರರಾದರು. ಬೆಂಗಳೂರಿನ ಪರವಾಗಿ ಉದಾಂತರು ಕಂಡ ಅತ್ಯುತ್ತಮ ಋತುಗಳಲ್ಲಿ ಇದು ಒಂದು. ಕ್ರಾಸ್ ನೀಡುವುದರ ಜೊತೆಗೆ ಅವರು ಸ್ವತಃ ಗೋಲುಗಳನ್ನೂ ಬಾರಿಸಿದರು. ತಂಡ ಮತ್ತೆ ಲೀಗ್ ಹಂತದ ಅಗ್ರಸ್ಥಾನ ಪಡೆಯಿತು. ಸೆಮಿಫೈನಲ್‌ನ ಮೊದಲ ಚರಣದಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ 1–2ರಿಂದ ಸೋತು, ಎರಡನೆಯ ಚರಣದಲ್ಲಿ ತವರಿನಲ್ಲಿ 3–0ಯಿಂದ ಗೆದ್ದಿತು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಎಫ್‌ಸಿ ಗೋವಾ ವಿರುದ್ಧದ ಫೈನಲ್ ನಿಗದಿತ ಸಮಯದಲ್ಲಿ ಗೋಲಿಲ್ಲದೆ ಮುಗಿಯಿತು. 117ನೆಯ ನಿಮಿಷದಲ್ಲಿ ರಾಹುಲ್ ಭೆಕೆ ತಲೆಯಿಂದ ಬಾರಿಸಿದ ಗೋಲು ಬೆಂಗಳೂರಿಗೆ ಮೊದಲ ಸೂಪರ್ ಲೀಗ್ ಪ್ರಶಸ್ತಿ ತಂದಿತು. ಹಿಂದಿನ ವರ್ಷ ಇದೇ ದಿನಾಂಕದಂದು ತವರಿನಲ್ಲಿ ಸೋತ ತಂಡಕ್ಕೆ ಈ ಗೆಲುವು ಹೆಚ್ಚಿನ ಅರ್ಥ ಪಡೆಯಿತು.

ಇಳಿಗಾಲ ಮತ್ತು ಬೀಳ್ಕೊಡುಗೆ (2019–2023)

2019–20ರಲ್ಲಿ ತಂಡ ಸೆಮಿಫೈನಲ್‌ನಲ್ಲಿ ಎಟಿಕೆಗೆ ಸೋತಿತು. ಕೋವಿಡ್ ಸಾಂಕ್ರಾಮಿಕದ ಕಾರಣ 2020–21ರ ಪಂದ್ಯಗಳೆಲ್ಲವೂ ಪ್ರೇಕ್ಷಕರಿಲ್ಲದೆ ಗೋವಾದಲ್ಲಿ ನಡೆದವು. ಕಂಠೀರವದ ಗ್ಯಾಲರಿಯ ಬೆಂಬಲವಿಲ್ಲದೆ ಆಡಿದ ಬೆಂಗಳೂರು ಏಳನೆಯ ಸ್ಥಾನಕ್ಕೆ ಕುಸಿಯಿತು. ಋತುವಿನ ನಡುವೆಯೇ ಕ್ವದ್ರಾತ್ ತಂಡದಿಂದ ಹೊರನಡೆದರು. 2021–22ರಲ್ಲಿ ಜರ್ಮನಿಯ ಮಾರ್ಕೊ ಪೆಜ್ಜೈಯುಲಿ ಅವರ ತರಬೇತಿಯಲ್ಲಿ ತಂಡ ಆರನೆಯ ಸ್ಥಾನ ಪಡೆಯಿತು. ಮಿಕು ಇಲ್ಲದ ಮುಂಪಡೆಯಲ್ಲಿ ಹೊಸ ಜೋಡಿಗಳು ಕುದುರಲು ಸಮಯ ಬೇಕಾಯಿತು. ಉದಾಂತರ ಆಟದಲ್ಲಿಯೂ ಹಿಂದಿನ ಹರಿತ ಕಾಣುತ್ತಿಲ್ಲವೆಂಬ ಟೀಕೆಗಳು ಕೇಳಿಬಂದವು.

2022ರಲ್ಲಿ ಇಂಗ್ಲೆಂಡಿನ ಸೈಮನ್ ಗ್ರೇಸನ್ ತರಬೇತುದಾರರಾದರು. ಆ ವರ್ಷದ ಸೆಪ್ಟೆಂಬರ್ 18ರಂದು ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿ ತಂಡ ಮೊದಲ ಬಾರಿಗೆ ಡ್ಯುರಾಂಡ್ ಕಪ್ ಗೆದ್ದಿತು. ಗ್ರೇಸನ್ ಅವರ ವ್ಯೂಹದಲ್ಲಿ ಹಿಂದೆ ಮೂವರು ರಕ್ಷಕರು, ಎರಡೂ ಅಂಚುಗಳಲ್ಲಿ ವಿಂಗ್‌ಬ್ಯಾಕ್‌ಗಳು, ಮುಂದೆ ಇಬ್ಬರು ಇರುತ್ತಿದ್ದರು. ವಿಂಗ್‌ಬ್ಯಾಕ್ ಎಂದರೆ ದಾಳಿಗೂ ರಕ್ಷಣೆಗೂ ಸಮನಾಗಿ ಹೊಣೆಗಾರನಾದ ಅಂಚಿನ ಆಟಗಾರ. ಇಂತಹ ವ್ಯೂಹದಲ್ಲಿ ಶುದ್ಧ ವಿಂಗರ್‌ಗೆ ಪ್ರತ್ಯೇಕ ಸ್ಥಾನವಿರುವುದಿಲ್ಲ. ಶಿವಶಕ್ತಿ ಮತ್ತು ರಾಯ್ ಕೃಷ್ಣ ಮುಂದೆಯೂ, ರೋಶನ್ ಸಿಂಗ್ ಹಾಗೂ ಪ್ರಬೀರ್ ದಾಸ್ ಅಂಚುಗಳಲ್ಲಿಯೂ ನೆಲೆಗೊಂಡಂತೆ ಉದಾಂತರ ಪಾತ್ರ ಕಿರಿದಾಯಿತು. ಲೀಗ್‌ನ ಕೊನೆಯಲ್ಲಿ ಸತತ ಎಂಟು ಪಂದ್ಯ ಗೆದ್ದ ತಂಡ ನಾಲ್ಕನೆಯ ಸ್ಥಾನದಿಂದ ಫೈನಲ್‌ವರೆಗೆ ಸಾಗಿ, 2023ರ ಮಾರ್ಚ್ 18ರಂದು ಎಟಿಕೆ ಮೋಹನ್ ಬಾಗನ್‌ಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಏಪ್ರಿಲ್ 25ರಂದು ಕೋಯಿಕ್ಕೋಡ್‌ನಲ್ಲಿ ಸೂಪರ್ ಕಪ್ ಫೈನಲ್ ಸಹ ಒಡಿಶಾ ಎಫ್‌ಸಿ ಪಾಲಾಯಿತು. ಆ ಋತುವಿನ ಬಳಿಕ ಉದಾಂತರು ಬೆಂಗಳೂರನ್ನು ಬಿಟ್ಟರು. ಹದಿನೆಂಟನೆಯ ವಯಸ್ಸಿನಲ್ಲಿ ಬಂದವರು ಒಂಬತ್ತು ವರ್ಷಗಳಲ್ಲಿ ವೆಸ್ಟ್‌ವುಡ್ ಅವರಿಂದ ಗ್ರೇಸನ್ ಅವರವರೆಗೆ ಹಲವು ತರಬೇತುದಾರರ ಕೈಕೆಳಗೆ ಆಡಿದ್ದರು.

ಎಫ್‌ಸಿ ಗೋವಾ

2023ರಲ್ಲಿ ಉದಾಂತರು ಎಫ್‌ಸಿ ಗೋವಾ ಸೇರಿದರು. ತಂಡದ ತರಬೇತುದಾರ ಸ್ಪೇನಿನ ಮನೊಲೊ ಮಾರ್ಕ್ವೆಜ್ ಅಂಚುಗಳಿಂದ ದಾಳಿ ನಡೆಸುವ ಆಟಕ್ಕೆ ಒತ್ತು ನೀಡುವವರಾದ್ದರಿಂದ, ವಿಂಗರ್‌ಗೆ ಅಲ್ಲಿ ಮತ್ತೆ ಕೆಲಸವಿತ್ತು. 2023–24ರಲ್ಲಿ ಗೋವಾ ಲೀಗ್‌ನಲ್ಲಿ ಮೂರನೆಯ ಸ್ಥಾನ ಪಡೆದು, ಸೆಮಿಫೈನಲ್‌ನಲ್ಲಿ ಮುಂಬೈ ಸಿಟಿಗೆ ಸೋತಿತು. 2024–25ರಲ್ಲಿ ಎರಡನೆಯ ಸ್ಥಾನ ಗಳಿಸಿತು.

ಆ ವರ್ಷದ ಸೆಮಿಫೈನಲ್ ಗೋವಾ ಮತ್ತು ಬೆಂಗಳೂರು ತಂಡಗಳನ್ನು ಎದುರುಬದುರು ನಿಲ್ಲಿಸಿತು. 2025ರ ಏಪ್ರಿಲ್ 2ರಂದು ಕಂಠೀರವದಲ್ಲಿ ಬೆಂಗಳೂರು 2–0ಯಿಂದ ಗೆದ್ದಿತು. ಏಪ್ರಿಲ್ 6ರಂದು ಫತೋರ್ಡಾದಲ್ಲಿ ಗೋವಾ ಎರಡು ಗೋಲು ಬಾರಿಸಿ ಒಟ್ಟು ಅಂಕವನ್ನು ಸಮಗೊಳಿಸಿತು. ಹೆಚ್ಚುವರಿ ಸಮಯ ಖಚಿತವೆನಿಸಿದ್ದಾಗ, ಗಾಯದ ನಿಮಿಷಗಳಲ್ಲಿ ಸುನಿಲ್ ಚೆಟ್ರಿ ತಲೆಯಿಂದ ಗೋಲು ಬಾರಿಸಿದರು. 2018ರ ಫೈನಲ್‌ನಲ್ಲಿ ಉದಾಂತರ ಕ್ರಾಸ್ ಅನ್ನು ಗೋಲಾಗಿಸಿದ್ದ ಅದೇ ಚೆಟ್ರಿ, ಏಳು ವರ್ಷಗಳ ನಂತರ ಉದಾಂತರ ಹೊಸ ತಂಡವನ್ನು ಅದೇ ಬಗೆಯಲ್ಲಿ ಹೊರಹಾಕಿದಂತಾಯಿತು. ಆದರೆ ಗೋವಾದ ಋತು ಅಲ್ಲಿಗೆ ಮುಗಿಯಲಿಲ್ಲ. 2025ರ ಮೇ 3ರಂದು ಭುವನೇಶ್ವರದಲ್ಲಿ ಜಮ್‌ಶೆಡ್‌ಪುರ ಎಫ್‌ಸಿ ತಂಡವನ್ನು 3–0ಯಿಂದ ಸೋಲಿಸಿ ಸೂಪರ್ ಕಪ್ ಗೆದ್ದಿತು.

ಅಂತಾರಾಷ್ಟ್ರೀಯ ಆಟ

ಭಾರತದ ಹಿರಿಯರ ತಂಡಕ್ಕೆ ಉದಾಂತರು 2016ರಲ್ಲಿ ಪದಾರ್ಪಣೆ ಮಾಡಿದರು. ಆಗ ತಂಡದ ತರಬೇತುದಾರರಾಗಿದ್ದವರು ಸ್ಟೀಫನ್ ಕಾನ್‌ಸ್ಟಂಟೈನ್. 2017ರ ಅಕ್ಟೋಬರ್ 11ರಂದು ಬೆಂಗಳೂರಿನ ಕಂಠೀರವದಲ್ಲಿ ಮಕಾವ್ ತಂಡವನ್ನು 4–1ರಿಂದ ಮಣಿಸಿ ಭಾರತ 2019ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. 2018ರ ಜೂನ್ 1ರಂದು ಮುಂಬೈಯಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್‌ನ ಅಂಗವಾಗಿ ಚೈನೀಸ್ ತೈಪೆ ವಿರುದ್ಧ 5–0ಯಿಂದ ಗೆದ್ದ ಪಂದ್ಯದಲ್ಲಿ ಉದಾಂತರು ಗೋಲು ಬಾರಿಸಿದರು. ಆ ಪಂದ್ಯಾವಳಿಯನ್ನು ಭಾರತ ಗೆದ್ದುಕೊಂಡಿತು.

2019ರ ಜನವರಿ 6ರಂದು ಅಬುಧಾಬಿಯಲ್ಲಿ ಥಾಯ್ಲೆಂಡ್ ವಿರುದ್ಧ ಭಾರತ 4–1ರಿಂದ ಗೆದ್ದಿತು. ಏಷ್ಯನ್ ಕಪ್‌ನಲ್ಲಿ 1964ರ ನಂತರ ಭಾರತಕ್ಕೆ ದೊರೆತ ಮೊದಲ ಗೆಲುವು ಅದು. ದ್ವಿತೀಯಾರ್ಧದ ಆರಂಭದಲ್ಲಿ ಉದಾಂತರ ಕ್ರಾಸ್ ಆಶಿಕ್ ಕುರುಣಿಯನ್ ಅವರ ಮೂಲಕ ಚೆಟ್ರಿ ಅವರನ್ನು ತಲುಪಿ ಎರಡನೆಯ ಗೋಲಾಯಿತು. ಮೂರನೆಯದಕ್ಕೂ ಉದಾಂತರೇ ಚೆಂಡನ್ನು ಒದಗಿಸಿದರು. ಅನಿರುದ್ಧ್ ಥಾಪಾ ಅದನ್ನು ಗೋಲ್‌ಕೀಪರ್ ಮೇಲಿಂದ ನವಿರಾಗಿ ಎತ್ತಿ ಒಳಗೆ ಹಾಕಿದರು. ಮುಂದಿನ ಪಂದ್ಯದಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ವಿರುದ್ಧ 0–2ರ ಸೋಲು, ಬಳಿಕ ಬಹ್ರೇನ್ ವಿರುದ್ಧ ಗಾಯದ ನಿಮಿಷಗಳಲ್ಲಿ ಬಿಟ್ಟುಕೊಟ್ಟ ಪೆನಾಲ್ಟಿಯಿಂದ 0–1ರ ಸೋಲು ಎದುರಾದವು. ಒಂದು ಡ್ರಾ ಸಾಕಾಗಿದ್ದ ಭಾರತ ಗುಂಪು ಹಂತದಲ್ಲಿಯೇ ಹೊರಬಿದ್ದಿತು.

2023ರ ಸ್ಯಾಫ್ ಚಾಂಪಿಯನ್‌ಷಿಪ್ ಬೆಂಗಳೂರಿನಲ್ಲಿ ನಡೆಯಿತು. ಬೆಂಗಳೂರು ಎಫ್‌ಸಿಯಿಂದ ಬೇರೆಯಾದ ಬೇಸಿಗೆಯಲ್ಲಿಯೇ ಉದಾಂತರು ಭಾರತದ ಅಂಗಿ ತೊಟ್ಟು ಕಂಠೀರವಕ್ಕೆ ಮರಳಿದರು. ಜೂನ್ 21ರಂದು ಪಾಕಿಸ್ತಾನದ ವಿರುದ್ಧ ಭಾರತ 4–0ಯಿಂದ ಗೆದ್ದಾಗ ಚೆಟ್ರಿ ಮೂರು ಗೋಲು ಬಾರಿಸಿದರೆ, ನಾಲ್ಕನೆಯದು ಉದಾಂತರದು. ಜುಲೈ 4ರಂದು ಕುವೈತ್ ವಿರುದ್ಧದ ಫೈನಲ್ 1–1ರಲ್ಲಿ ನಿಂತು ಶೂಟೌಟ್‌ಗೆ ಹೋಯಿತು. ಭಾರತದ ಒದೆತಗಳ ಪೈಕಿ ಗುರಿ ತಪ್ಪಿದ್ದು ಉದಾಂತರದೊಂದೇ. ಇದರಿಂದ ಅಂಕ ಸಮವಾಗಿ ಪಂದ್ಯ ಆರನೆಯ ಒದೆತಕ್ಕೆ ಬಂದಿತು. ಮಹೇಶ್ ಸಿಂಗ್ ಗೋಲು ಗಳಿಸಿದ ಮೇಲೆ ಗುರುಪ್ರೀತ್ ಸಿಂಗ್ ಸಂಧು ಎದುರಾಳಿಯ ಒದೆತವನ್ನು ತಡೆದರು. ಭಾರತ 5–4ರಿಂದ ಪ್ರಶಸ್ತಿ ಗೆದ್ದಿತು.

2025ರಲ್ಲಿ ಖಾಲಿದ್ ಜಮೀಲ್ ತರಬೇತುದಾರರಾದ ಬಳಿಕ ಭಾರತ ತಜಿಕಿಸ್ತಾನದಲ್ಲಿ ಮಧ್ಯ ಏಷ್ಯಾದ ಸಿಎಎಫ್‌ಎ ನೇಷನ್ಸ್ ಕಪ್‌ನಲ್ಲಿ ಆಡಿತು. ಸೆಪ್ಟೆಂಬರ್ 8ರಂದು ಮೂರನೆಯ ಸ್ಥಾನಕ್ಕಾಗಿ ಒಮಾನ್ ವಿರುದ್ಧ ನಡೆದ ಪಂದ್ಯದಲ್ಲಿ ಭಾರತ ಹಿಂದಿತ್ತು. ಕೊನೆಯ ಹಂತದಲ್ಲಿ ಉದಾಂತರು ಬಾರಿಸಿದ ಗೋಲು ಅಂಕವನ್ನು 1–1ಕ್ಕೆ ತಂದಿತು; ಶೂಟೌಟ್‌ನಲ್ಲಿ ಭಾರತ 3–2ರಿಂದ ಗೆದ್ದಿತು. ರ‍್ಯಾಂಕಿಂಗ್‌ನಲ್ಲಿ ತನಗಿಂತ ಬಹಳ ಮೇಲಿದ್ದ ತಂಡದ ವಿರುದ್ಧ ಈ ಗೆಲುವು ಗಮನ ಸೆಳೆಯಿತು. ಆಗ ಉದಾಂತರಿಗೆ 29 ವರ್ಷ.

ಆಟದ ಶೈಲಿ

ಉದಾಂತರು ಬಲಗಾಲಿನ ಆಟಗಾರರು; ಹೆಚ್ಚಾಗಿ ಬಲ ಅಂಚಿನಲ್ಲಿ ಆಡುತ್ತಾರೆ. ಚೆಂಡನ್ನು ಮುಂದಕ್ಕೆ ತಳ್ಳಿ ಎದುರಾಳಿಯನ್ನು ಓಟದಲ್ಲಿ ಹಿಂದಿಕ್ಕುವುದು ಇವರ ಪರಿಚಿತ ಕ್ರಮ. ತಂಡ ರಕ್ಷಣೆಯಿಂದ ದಾಳಿಗೆ ತಟ್ಟನೆ ಹೊರಳುವ ಸಂದರ್ಭಗಳಲ್ಲಿ ಈ ಗುಣ ಹೆಚ್ಚು ಫಲ ನೀಡುತ್ತದೆ. ಎದುರಾಳಿ ತಂಡ ಹಿಂದೆ ಸರಿದು ಗುಂಪಾಗಿ ನಿಂತಾಗ ಓಡಲು ತೆರವಿಲ್ಲದೆ ಇವರ ಪ್ರಭಾವ ಕುಗ್ಗುತ್ತದೆ. ಓಟದ ಕೊನೆಯಲ್ಲಿ ಕ್ರಾಸ್ ನೀಡಬೇಕೆ, ಗೋಲಿನತ್ತ ಹೊಡೆಯಬೇಕೆ ಎಂಬ ನಿರ್ಧಾರದಲ್ಲಿ ತಡವರಿಸುತ್ತಾರೆಂಬುದು ಇವರ ಬಗ್ಗೆ ಇರುವ ಮುಖ್ಯ ಟೀಕೆ. ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೆ ಓಡಿ ರಕ್ಷಣೆಗೆ ನೆರವಾಗುವ ಶ್ರಮವನ್ನು ತರಬೇತುದಾರರು ಮೆಚ್ಚಿದ್ದಾರೆ.

ಗೌರವಗಳು

ಬೆಂಗಳೂರು ಎಫ್‌ಸಿ
ಫೆಡರೇಶನ್ ಕಪ್: 2014–15, 2016–17
ಐ-ಲೀಗ್: 2015–16
ಸೂಪರ್ ಕಪ್: 2018
ಇಂಡಿಯನ್ ಸೂಪರ್ ಲೀಗ್: 2018–19
ಡ್ಯುರಾಂಡ್ ಕಪ್: 2022
ಎಎಫ್‌ಸಿ ಕಪ್ ದ್ವಿತೀಯ ಸ್ಥಾನ: 2016

ಎಫ್‌ಸಿ ಗೋವಾ
ಸೂಪರ್ ಕಪ್: 2025

ಭಾರತ
ಇಂಟರ್‌ಕಾಂಟಿನೆಂಟಲ್ ಕಪ್: 2018
ಸ್ಯಾಫ್ ಚಾಂಪಿಯನ್‌ಷಿಪ್: 2023
ಸಿಎಎಫ್‌ಎ ನೇಷನ್ಸ್ ಕಪ್ ಮೂರನೆಯ ಸ್ಥಾನ: 2025